ರಾಯಚೂರಿಗೆ ಇಳಿದ ವಸಂತ

ವಸಂತವನ್ನು ಲಾರಿಯಲ್ಲಿ ಊರೂರಿಗೆ ಮುಟ್ಟಿಸುವ ಕೆಲಸ ನೀಲಗಂಗಮ್ಮನದು. ಅವಳ ಸ್ವಂತ ಊರು ರಾಯಚೂರಿನ ಹೆಸರು ಮಾತ್ರ ಆರು ವರ್ಷಗಳಿಂದ ಕಚೇರಿಯ ಸಾಹೇಬರು ಕೊಡುವ ಪಟ್ಟಿಯಲ್ಲಿರಲಿಲ್ಲ. ಅವಳ ಐದು ವರ್ಷದ ಮೊಮ್ಮಗಳು ಬೇವಿನ ಹೂವನ್ನೇ ಕಂಡಿರಲಿಲ್ಲ.

ಈ ಸಲ ಲಾರಿಯಲ್ಲಿ ಮೈಸೂರಿನ ಪಾಲಿನ ವಸಂತವಿತ್ತು. ನೀಲಗಂಗಮ್ಮ ಬೈಪಾಸ್ ಬಿಟ್ಟು ಊರೊಳಗೆ ನುಗ್ಗಿದಳು. ಕೋಟೆ ಬಾಗಿಲ ಎದುರು ಲಾರಿ ನಿಲ್ಲಿಸಿ ಹಿಂಬಾಗಿಲು ತೆರೆದೇಬಿಟ್ಟಳು. ಬೋಳು ಮರಗಳಲ್ಲಿ ಕೆಂಪು ಚಿಗುರು ಒಡೆಯಿತು. ಅಂಗಡಿಯವರೆಲ್ಲ ರಸ್ತೆಗೆ ಬಂದು ಮುಖ ಮೇಲೆತ್ತಿ ನಿಂತರು. ಎಲ್ಲಿಂದಲೋ ಕೋಗಿಲೆ ಕೂಗಿತು.

ಅಷ್ಟರಲ್ಲಿ ಸಾಹೇಬರ ಫೋನು ಬಂತು. “ಏನ್ ಮಾಡಿದಿ ನೀಲಗಂಗಮ್ಮ? ನೌಕರಿ ಹೋಗ್ತದ!”

“ಹೋಗ್ಲಿ ಬಿಡ್ರಿ,” ಎಂದಳು ಅವಳು. “ವಸಂತ ಇಲ್ಲೇ ಇಳಿಸೀನಿ. ಕೈಲಾದ್ರ ಬಂದು ವಾಪಸ್ ತುಂಬ್ಕೊಂಡು ಹೋಗ್ರಿ.”