ಬಳಗದ ಒಂದೇ ಪ್ರತಿ

ಆ ಓದುಗರ ಬಳಗ ಕೊಳ್ಳುತ್ತಿದ್ದುದು ಒಂದೇ ಪ್ರತಿ. ಅದು ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಈ ಸಲದ್ದು ಮನೆಯ ಯಜಮಾನರೊಬ್ಬರ ಕೊಲೆಯ ಸುತ್ತ ಹೆಣೆದ ಪತ್ತೇದಾರಿ ಕಾದಂಬರಿ. ಮೊದಲು ಓದಿದವರು ವಿಮಲಮ್ಮ. ಆಮೇಲೆ ಓದಿದವರೆಲ್ಲ ಅದರ ಕೊನೆಯನ್ನು ಹೊಗಳಿದ್ದೇ ಹೊಗಳಿದ್ದು.

ಕಡೆಯ ಸರದಿ ಚಿದಂಬರಯ್ಯನವರದು. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, "ಕೊಲೆಗಾರ ಯಾರೆಂದು ಈಗ ಹೇಳುತ್ತೇನೆ" ಎನ್ನುವಷ್ಟರಲ್ಲಿ ಪುಸ್ತಕವೇ ಮುಗಿದುಹೋಯಿತು. ಮುಂದಿನ ಹಾಳೆಗಳೇ ಇರಲಿಲ್ಲ. ಉಳಿದವರೆಲ್ಲ ಓದಿದ್ದಾರೆಂದ ಮೇಲೆ ಅವು ತಮ್ಮ ಮನೆಯಲ್ಲೇ ಉದುರಿರಬೇಕೆಂದು ಅವರು ಮಂಚದಡಿಯೆಲ್ಲ ತಡಕಾಡಿದರು. ಸಿಗಲಿಲ್ಲ.

ಭಾನುವಾರದ ಸಭೆಯಲ್ಲಿ ವಿಮಲಮ್ಮ ಕೇಳಿದರು: "ಕೊನೆ ಹೇಗಿತ್ತು, ಚಿದಂಬರಯ್ಯನವರೇ?"

ಅವರು ಗಂಟಲು ಸರಿಮಾಡಿಕೊಂಡರು. "ಅದ್ಭುತ. ಆ ಮನುಷ್ಯ ಕೊಲೆಗಾರ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ನಾವೂ ಅಷ್ಟೇ," ಎಂದು ಉಳಿದವರೆಲ್ಲ ತಲೆಯಾಡಿಸಿದರು.

ವಿಮಲಮ್ಮ ಕೈಚೀಲದಿಂದ ಹಾಳೆಗಳ ಕಂತೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಹೊಲಿಗೆ ಬಿಟ್ಟು ನಮ್ಮನೇಲೇ ಉಳಿದುಬಿಟ್ಟಿದ್ವು. ಯಾರಾದ್ರೂ ಕೇಳಿದ್ರೆ ಕೊಡೋಣ ಅಂತ ಪ್ರತಿ ಸಭೆಗೂ ತರ್ತಿದ್ದೆ. ಇದರಲ್ಲಿ, ಸತ್ತ ಅಂದ್ಕೊಂಡಿದ್ದ ಯಜಮಾನ್ರು ಎದ್ದು ಬಂದು ಕಾಫಿ ಕೇಳ್ತಾರೆ."