ಗಿಟಾರಿಗೆ ನೆಗಡಿ

"ಏನಪ್ಪಾ ಫೌಸ್ತಿನೊ, ನಿನ್ನ ಗಿಟಾರಿಗೆ ನೆಗಡಿಯಾಗಿದ್ಯಾ?"

ಬಿಯರ್ ಕ್ರೇಟಿನ ಮೇಲೆ ಕೂತಿದ್ದ ಆಲೂಗಡ್ಡೆ ಮಾರುವವಳು ಮೊದಲ ಹಾಡಿಗೇ ಕೂಗಿದಳು. ಬೆಟ್ಟದೂರುಗಳಿಂದ ರಾಜಧಾನಿ ಲಿಮಾಕ್ಕೆ ಇಳಿದು ಬಂದ ಜನ ಭಾನುವಾರ ಕುಣಿಯುವ ಮೈದಾನ ಅದು. ಎಲ್ಲರೂ ಗೊಳ್ಳೆಂದು ನಕ್ಕರು. ಫೌಸ್ತಿನೊನ ಮುಖ ಕೆಂಪೇರಿತು. ಕಾಲಡಿಯ ಪೆಡಲ್ ತುಳಿದರೆ ಎದೆ ಬಿರಿಯುವಂತೆ ಅಳಬೇಕಾದ ಗಿಟಾರು ಮೂಗಿನಲ್ಲಿ ಗೊಣಗುತ್ತಿತ್ತು. ಅವನ ಹೆಸರು, ಅನ್ನ ಎರಡೂ ಆ ಅಳುವಿನಿಂದಲೇ.

ವಿರಾಮದಲ್ಲಿ ವೇದಿಕೆಯ ಹಿಂದೆ ಪೆಡಲ್ ಬಿಚ್ಚಿದ. ಒಳಗಿನ ತಂತಿಯ ಸುರುಳಿಯೂ ಕೆಪಾಸಿಟರೂ ಒಂದೇ ಸ್ವರಕ್ಕೆ ಜೋಕಾಲಿಯಂತೆ ಒಟ್ಟಿಗೆ ತೂಗುತ್ತವೆ. ತಡೆಯಿಲ್ಲದೆ ತೂಗಿದಷ್ಟೂ ಆ ಸ್ವರ ಉಳಿದವನ್ನೆಲ್ಲ ಮೀರಿ ಮೊನಚಾಗಿ ಏಳುತ್ತದೆ. ಈಗ ಸುರುಳಿಯ ಎರಡು ತುದಿಗೂ ಯಾರೋ ವಿದ್ಯುತ್ತಿಗೆ ತಡೆಯೊಡ್ಡುವ ಹೊಸ ರೆಸಿಸ್ಟರ್ ಬೆಸೆದಿದ್ದರು. ಶಕ್ತಿಯೆಲ್ಲ ಅದರಲ್ಲಿ ಸೋರಿ ಸ್ವರ ಮೊಂಡಾಗಿತ್ತು. ಆ ಅಚ್ಚುಕಟ್ಟಾದ ಬೆಸುಗೆ ಯಾರದೆಂದು ಅವನಿಗೆ ತಿಳಿಯದೆ? ತಂಡದಲ್ಲಿ ಬಾಸ್ ಗಿಟಾರು ನುಡಿಸುವ ಒಡಹುಟ್ಟಿದ ತಮ್ಮ ಅಬ್ದೋನನದು.

"ಯಾಕೋ ಮಾಡ್ದೆ?" ಅವನನ್ನು ಹಿಂದಕ್ಕೆ ಕರೆದು ಕೇಳಿದ.

"ಟೀವಿಯವರು ಬಂದಿದಾರೆ ಅಣ್ಣ. ಈ ಬೆಟ್ಟದೋರ ಗೋಳು ಯಾರಿಗೆ ಬೇಕು ಅಂತ ಹೋದ್ಸಲ ನಕ್ಕಿದ್ರು. ಒಂಚೂರು ನಯ ಮಾಡ್ದೆ, ಅಷ್ಟೆ."

"ನಯ! ನೀನು ನಯ ಆಗಿ ಆಗಿ, ಹುಟ್ಟಿದ್ದೇ ಲಿಮಾದಲ್ಲಿ ಅಂತ ಹೇಳ್ಕೊಂಡು ತಿರುಗ್ತೀಯ. ನಾಲ್ಕು ಜನರ ಮುಂದೆ ನನ್ನ ಅಣ್ಣ ಅನ್ನೋಕೂ ನಾಚಿಕೆ ನಿಂಗೆ. ಸಾಲದೂ ಅಂತ ನನ್ನ ಕತ್ತೂ ಹಿಸುಕ್ತೀಯೇನೋ?"

"ಅವರು ಎದ್ದು ಹೋದ್ರೆ ಆಮೇಲೆ ಬಾಯ್ ಬಡ್ಕೋಬೇಡ."

"ಹೋಗ್ಲಿ! ಅವರ ಕಿವಿ ಮೊಂಡಾದ್ರೆ ನನ್ನ ಗಿಟಾರ್ ಯಾಕೋ ಮೊಂಡಾಗ್ಬೇಕು?" ಫೌಸ್ತಿನೊ ರೆಸಿಸ್ಟರನ್ನು ಇಕ್ಕಳದಿಂದ ಕಿತ್ತು ಅವನ ಎದೆಗೆ ಎಸೆದ.

ಮತ್ತೆ ತುಳಿದಾಗ ಗಿಟಾರು ಕಿರುಚಿತು. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಟೀವಿಯವರೂ ಎದ್ದರು, ಕೋಟು ಕೊಡವಿಕೊಂಡು ಗೇಟಿನತ್ತ ನಡೆದರು. ಅಬ್ದೋನ್ ಹಲ್ಲು ಕಚ್ಚಿದ. ಫೌಸ್ತಿನೊನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಹಾಡಿನ ನಡುವೆ ನೆರೆದವರ ಊರುಗಳ ಹೆಸರು ಕೂಗಿ ನಮಸ್ಕಾರ ಹೇಳುವುದು ಹಾಡುಗಾರನ ಕೆಲಸ. ಫೌಸ್ತಿನೊ ಅವನ ಕೈಯಿಂದ ಮೈಕು ಕಸಿದುಕೊಂಡ.

"ಬಾಸ್ ಗಿಟಾರಿನಲ್ಲಿ ನನ್ನ ಸ್ವಂತ ತಮ್ಮ, ಅಬ್ದೋನ್! ಊರು ಬೆಟ್ಟದ ಮೇಲಿನ ಆಕೊಬಾಂಬ!"

ಚಪ್ಪಾಳೆಯ ನಡುವೆ ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ವೇದಿಕೆಯ ಬುಡಕ್ಕೇ ಬಂದಳು.

"ಅಯ್ಯೋ, ನಮ್ಮೂರ ಬೆನಿತನ ಕಿರೀ ಮಗಾನೇ ಇವನು! ಬೆಳಿಗ್ಗೆ ಗುರ್ತು ಹಿಡಿದು ಮಾತಾಡ್ಸಿದ್ರೆ, 'ಬೇರೆ ಯಾರೋ ಅಂದ್ಕೊಂಡಿದೀರ ಅಜ್ಜಿ' ಅಂದ್ನಲ್ಲೋ!"