ಅರ್ಧ ಹೆಬ್ಬೆಟ್ಟು

"ಯಾವ ಕತ್ತೆ ಜೋಡಿಸಿದ್ದಮ್ಮ ಇದನ್ನ? ಕೈಯೆಲ್ಲಾ ಪೇಸ್ಟ್ ಮಾಡ್ಕೊಂಡು ಎಲ್ಲೆಲ್ಲೋ ಒತ್ತವ್ನೆ!" ಕಂಪ್ಯೂಟರ್ ರಿಪೇರಿ ಅಂಗಡಿಯ ಭಾನುಪ್ರಕಾಶ್ ಗದರುತ್ತಲೇ, ಹಳೇ ಪ್ರೊಸೆಸರ್ ಮೇಲಿಂದ ಬಿಚ್ಚಿದ ಫ್ಯಾನನ್ನು ಹೊಸದರ ಮೇಲೆ ಕೂರಿಸಲೆಂದು ಮಗುಚಿ, ಅದರ ಲೋಹದ ತಳವನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿದ. ಬಿಸಿ ಇಳಿಸಲೆಂದು ನಡುವೆ ಹಚ್ಚಿದ್ದ ಬೂದು ಪೇಸ್ಟ್ ಹೋಯಿತು. ಮೂಲೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಒಣಗಿತ್ತು. ಅದನ್ನೂ ಉಜ್ಜತೊಡಗಿದ.

"ನಮ್ಮನೆಯವ್ರು," ಎಂದಳು ಶಾಕಿರಾ.

ಅವನ ಕೈ ನಿಂತಿತು. ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆ ಡಿಸೈನ್ ಹಾಕಿಕೊಡುತ್ತಿದ್ದ ತಬ್ರೇಜ್ ತೀರಿಕೊಂಡು ವರ್ಷವಾಗಿತ್ತು. ಈಗ ಅದೇ ಕಂಪ್ಯೂಟರಿನಲ್ಲಿ ಅವನ ಹೆಂಡತಿ ಆ ಕೆಲಸ ಮಾಡಿ ಮನೆ ನಡೆಸುತ್ತಿದ್ದಳು. ಡಿಸೈನಿನ ಹೊಸ ಸಾಫ್ಟ್‌ವೇರಿಗೆ ಹಳೇ ಪ್ರೊಸೆಸರ್ ಸಾಲದೆಂದು ಕಂಪ್ಯೂಟರನ್ನು ಇಲ್ಲಿಗೆ ಹೊತ್ತು ತಂದಿದ್ದಳು.

ಶಾಕಿರಾ ಬಗ್ಗಿ ನೋಡಿದಳು. ಹೆಬ್ಬೆಟ್ಟಿನ ಮೇಲರ್ಧ ಅಳಿಸಿಹೋಗಿತ್ತು. ಉಳಿದರ್ಧದಲ್ಲಿ ಗೆರೆಗಳನ್ನು ಕತ್ತರಿಸಿದಂತೆ ಅಡ್ಡಕ್ಕೊಂದು ಕಲೆ ಇತ್ತು. "ಚಿಕ್ಕೋರಿದ್ದಾಗ ಮಗ್ಗಕ್ಕೆ ಬೆರಳು ಕೊಟ್ಕೊಂಡಿದ್ರು," ಎಂದಳು. ಆಮೇಲೆ ಕೇಳಿದಳು: "ಇದನ್ನೂ ಒರೆಸ್ಲೇಬೇಕಾ ಅಣ್ಣ? ಇಲ್ಲಾಂದ್ರೆ ಹೊಸದು ಕೆಲ್ಸ ಮಾಡಲ್ವಾ?"

ಹೌದೆಂದುಬಿಡೋಣ ಅನ್ನಿಸಿತು ಭಾನುಪ್ರಕಾಶನಿಗೆ. ಹತ್ತಿಯನ್ನು ಕೆಳಗಿಟ್ಟ.

"ಬೇಡಮ್ಮ. ಪ್ರೊಸೆಸರ್ ನಡುವೆ ಕೂರ್ತದೆ. ಮೂಲೆಗೆ ತಾಗೋದೇ ಇಲ್ಲ."

"ಹಂಗಾದ್ರೆ ಅಷ್ಟಾದ್ರೂ ಯಾಕಣ್ಣ ಒರೆಸಿದ್ರಿ?"